ಪಾಸ್‌ವರ್ಡ್ ಸರಿಯಿದೆ, ಆದರೂ ಶೇರ್ ಫೋಲ್ಡರ್ ತೆಗೆಯುತ್ತಿಲ್ಲ. ಐದರಲ್ಲಿ ಎರಡು ಕಂಪ್ಯೂಟರಿಗೆ ಮಾತ್ರ ಈ ಕಾಟ

ವಖಾರಿ_ಗುಮಾಸ್ತ · ಸೋಮವಾರ, ಬೆಳಿಗ್ಗೆ 10:40

ನಮಸ್ಕಾರ. ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವವನು ನಾನು. ಕಂಪ್ಯೂಟರ್ ಕಲಿತವನಲ್ಲ. ಆಫೀಸಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ ಅಂತ ಅದೂ ನನ್ನ ತಲೆಗೇ ಕಟ್ಟಿದೆ.

ಐದು ಕಂಪ್ಯೂಟರ್ ಇವೆ. ಒಳಕೋಣೆಯಲ್ಲಿರುವುದಕ್ಕೆ ನಾವು ‘ದೊಡ್ಡದು’ ಅನ್ನುತ್ತೇವೆ. ಅದರಲ್ಲಿ ‘ಲೆಕ್ಕ’ ಅಂತ ಒಂದು ಫೋಲ್ಡರ್ ಶೇರ್ ಮಾಡಿದ್ದೇವೆ. ಟ್ಯಾಲಿ ಡೇಟಾ, ತೂಕದ ಚೀಟಿ, ಬಿಲ್ಲಿನ ಪಿಡಿಎಫ್ ಎಲ್ಲಾ ಅಲ್ಲೇ. ಕೌಂಟರಿನಲ್ಲಿ ಎರಡು ಕಂಪ್ಯೂಟರ್. ಈ ಮೂರೂ ಹೋದ ವರ್ಷ ಒಟ್ಟಿಗೆ ಅಸೆಂಬಲ್ ಮಾಡಿಸಿದ್ದು, ಮೂರಕ್ಕೂ ವಿಂಡೋಸ್ 11 ಪ್ರೊ. ತೂಕದ ಕಟ್ಟೆಯ ಹತ್ತಿರ ಒಂದು ಹಳೇ ವಿಂಡೋಸ್ 10. ಯಜಮಾನರದ್ದು ಒಂದು ಲ್ಯಾಪ್‌ಟಾಪ್, ಅದೂ 11.

ಹೋದ ಬುಧವಾರದಿಂದ ಕೌಂಟರಿನ ಎರಡೂ ‘ಲೆಕ್ಕ’ ತೆಗೆಯುತ್ತಿಲ್ಲ. ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೆ ತಪ್ಪು ಅನ್ನುತ್ತದೆ, ಮತ್ತೆ ಕೇಳುತ್ತದೆ. ಅದೇ ಪಾಸ್‌ವರ್ಡ್ ಹಳೇ ವಿಂಡೋಸ್ 10ರಲ್ಲಿ ಹೊಡೆದರೆ ಬಾಗಿಲು ತೆಗೆದ ಹಾಗೆ ತೆಗೆಯುತ್ತದೆ. ಲ್ಯಾಪ್‌ಟಾಪಿನಲ್ಲೂ ಅಷ್ಟೇ.

ಈಗ ಪೆನ್ ಡ್ರೈವ್ ಹಿಡಿದು ಕೌಂಟರಿಗೂ ಒಳಕೋಣೆಗೂ ಓಡಾಡುತ್ತಿದ್ದೇನೆ. 20ರೊಳಗೆ ಜಿಎಸ್‌ಟಿಯ 3ಬಿ ರಿಟರ್ನ್ ಹಾಕಬೇಕು. ಯಾರಾದರೂ ದಾರಿ ಹೇಳಿ.

ಹಳೇ_ಎಕ್ಸ್‌ಪಿ · 10:52

ಇದಕ್ಕೆಲ್ಲಾ ತಲೆ ಕೆಡಿಸಿಕೊಳ್ಳಬೇಡಿ. ಫೋಲ್ಡರಿಗೆ ಎವ್ರಿವನ್ ಫುಲ್ ಕಂಟ್ರೋಲ್ ಕೊಡಿ. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿ. ಫೈರ್‌ವಾಲ್ ಆಫ್ ಮಾಡಿ. ಫೈಲ್ ಶೇರಿಂಗಿನ ಹಳೇ ಪದ್ಧತಿ ಎಸ್‌ಎಂಬಿ 1 ಆನ್ ಮಾಡಿ. ಹದಿನೈದು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ, ಒಂದು ದಿನವೂ ತೊಂದರೆ ಆಗಿಲ್ಲ.

ಚಿಟ್ಟೆ_ಬೆಟ್ಟೆ · 10:55

ರೂಟರ್ ಆಫ್ ಮಾಡಿ ಆನ್ ಮಾಡಿದ್ರಾ?

ತಂತಿ_ಎಳೆಯುವವ · 11:10

ಎಕ್ಸ್‌ಪಿ ಅಣ್ಣ, ನೀವು ಹೇಳಿದ ನಾಲ್ಕರಲ್ಲಿ ಒಂದನ್ನೂ ಮಾಡಬಾರದು. ಎಸ್‌ಎಂಬಿ 1 ಅಂತೂ ಖಂಡಿತಾ ಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅಂತ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಪ್ರಪಂಚವನ್ನೆಲ್ಲಾ ಅಲ್ಲಾಡಿಸಿತ್ತಲ್ಲ, ಅದು ನುಗ್ಗಿದ್ದು ಇದೇ ಎಸ್‌ಎಂಬಿ 1ರ ಕಿಂಡಿಯಿಂದ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10 ಅಪ್‌ಡೇಟಿನಿಂದ ಅದನ್ನು ಹೊಸ ಇನ್‌ಸ್ಟಾಲಿನಲ್ಲಿ ಹಾಕುವುದನ್ನೇ ಬಿಟ್ಟಿದ್ದಾರೆ. ವಿಂಡೋಸ್ 7ಕ್ಕೂ ಅದು ಬೇಡ. ಬೇಕಾಗುವುದು ಎಕ್ಸ್‌ಪಿಯಂಥ ತೀರಾ ಹಳೇದಕ್ಕೆ ಮಾತ್ರ. ನಿಮ್ಮ ಹೆಸರು ನೋಡಿದರೆ ನಿಮಗೆ ಬೇಕೇನೋ.

ಗುಮಾಸ್ತರೇ, ಕೆಲವು ವಿಷಯ ನೋಡಿ ಹೇಳಿ.

ಕೌಂಟರಿನಿಂದ ದೊಡ್ಡದಕ್ಕೆ ಹೆಸರಿನ ಬದಲು ಐಪಿ (ನೆಟ್‌ವರ್ಕಿನಲ್ಲಿ ಅದರ ನಂಬರ್) ಹಾಕಿ ಹೋದರೂ ಪಾಸ್‌ವರ್ಡ್ ಕೇಳುತ್ತದಾ? ಎರಡೂ ಕಡೆ ನೆಟ್‌ವರ್ಕ್ ಪ್ರೈವೇಟ್ ಅಂತಿದೆಯಾ, ಪಬ್ಲಿಕ್ ಅಂತಿದೆಯಾ? ನೀವು ಹೊಡೆಯುತ್ತಿರುವುದು ಪಾಸ್‌ವರ್ಡೋ, ನಾಲ್ಕಂಕಿಯ ಪಿನ್ನೋ? ಇದನ್ನು ಯಾಕೆ ಕೇಳುತ್ತಿದ್ದೇನೆ ಅಂದರೆ, ನೂರಕ್ಕೆ ಎಂಬತ್ತು ಜನ ಪಿನ್ನನ್ನೇ ಪಾಸ್‌ವರ್ಡ್ ಅಂದುಕೊಂಡಿರುತ್ತಾರೆ. (ಎಂಬತ್ತು ನನ್ನ ಸಿಟ್ಟಿನ ಲೆಕ್ಕ, ಗಣತಿ ಅಲ್ಲ.)

ಸಂಜೆ_ಮಳೆ · 11:31

ಎಕ್ಸ್‌ಪಿಯವರ ಸಲಹೆ ಪಾಲಿಸಿದರೆ ಏನಾಗುತ್ತದೆ ಅಂತ ನನ್ನ ಕತೆ ಕೇಳಿ. ಕುಮಟೆಯಲ್ಲಿ ನಾನು ಮೊದಲು ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ಎಲ್ಲಾ ಡ್ರೈವೂ ಎವ್ರಿವನ್ ಫುಲ್ ಕಂಟ್ರೋಲ್. ಒಬ್ಬ ಹುಡುಗ ಕೊರಿಯರ್ ಬಿಲ್ ಅಂತ ಬಂದ ಮೇಲ್ ತೆಗೆದ. ಅರ್ಧ ಗಂಟೆಯಲ್ಲಿ ಅವನ ಕಂಪ್ಯೂಟರ್ ಅಷ್ಟೇ ಅಲ್ಲ, ಶೇರ್ ಮಾಡಿದ್ದ ಪ್ರತಿ ಫೈಲಿನ ಹೆಸರಿಗೂ ವಿಚಿತ್ರ ಬಾಲ ಬಂತು, ಒಂದೂ ತೆರೆಯಲಿಲ್ಲ. ಬ್ಯಾಕಪ್ ಇತ್ತು. ಆದರೆ ಬ್ಯಾಕಪ್ಪಿನ ಹಾರ್ಡ್ ಡಿಸ್ಕನ್ನೂ ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿದ್ದರು! ಅದಕ್ಕೂ ಬಾಲ. ಮೂರು ವರ್ಷದ ವೋಚರ್ ಪುಸ್ತಕ ತೆಗೆದು ಕೂತು ಮತ್ತೆ ಹೊಡೆದೆವು. ನನ್ನ ಕಣ್ಣಿಗೆ ಕನ್ನಡಕ ಬಂದಿದ್ದು ಆ ವರ್ಷವೇ.

ಹಳೇ_ಎಕ್ಸ್‌ಪಿ · 11:38

ಮೇಲ್ ತೆಗೆದವನ ತಪ್ಪನ್ನು ಫೋಲ್ಡರಿನ ಮೇಲೆ ಹಾಕಿದರೆ ಹೇಗೆ ಮಾರಾಯ್ರೇ.

ಉಪ್ಪುಗಾಳಿ · 12:05

ನನ್ನ ಪ್ರಕಾರ ಕೇಬಲ್ ನೋಡಿ. ಕಾರವಾರದಲ್ಲಿ ನಮ್ಮ ಆಫೀಸು ಬೈತಖೋಲ ಬಂದರಿನ ಹತ್ತಿರ. ಎರಡು ವರ್ಷಕ್ಕೊಮ್ಮೆ ಲ್ಯಾನ್ ಕೇಬಲ್ಲಿನ ತುದಿ ಹಸಿರು ಬಣ್ಣಕ್ಕೆ ತಿರುಗಿರುತ್ತದೆ. ಫೋಲ್ಡರ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ನಾವು ಸಾಫ್ಟ್‌ವೇರ್ ಅಂತ ಹುಡುಕುತ್ತಾ ಕೂತಿರುತ್ತೇವೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೆ ಸರಿ. ಸಮುದ್ರದ ಗಾಳಿಗೆ ಸ್ವಿಚ್ಚಿನ ಒಳಗೂ ತುಕ್ಕು.

ತಂತಿ_ಎಳೆಯುವವ · 12:14

ಉಪ್ಪುಗಾಳಿಯವರೇ, ನಿಮ್ಮ ಊರಿಗೆ ಅದು ನಿಜ. ಆದರೆ ಇಲ್ಲಿ ಪಾಸ್‌ವರ್ಡ್ ಕೇಳುತ್ತಿದೆ. ಪಾಸ್‌ವರ್ಡ್ ಕೇಳಿತು ಅಂದರೆ ಅವನ ಮನೆ ಬಾಗಿಲ ತನಕ ಹೋಗಿದ್ದೀರಿ ಅಂತ ಅರ್ಥ. ರಸ್ತೆ ಸರಿಯಿದೆ. ರಸ್ತೆಯೇ ಇಲ್ಲದಿದ್ದರೆ ‘ನೆಟ್‌ವರ್ಕ್ ಪಾತ್ ಸಿಗಲಿಲ್ಲ’ ಅನ್ನುತ್ತದೆ, 0ಎಕ್ಸ್80070035 ಅಂತ ಉದ್ದದ ನಂಬರಿನ ಜೊತೆ. ಅದು ಬಂದರೆ ಕೇಬಲ್, ಫೈರ್‌ವಾಲ್, 445ನೇ ಪೋರ್ಟ್ ಇವನ್ನೆಲ್ಲಾ ನೋಡಬೇಕು. ಇದು ಬೇರೆ ಜಾತಿಯ ರೋಗ.

ದೇವಿಮನೆ_ತಿರುವು · 12:20

ರಸ್ತೆ ಸರಿಯಿದೆ ಅಂತ ಶಿರಸಿ–ಕುಮಟಾ ರಸ್ತೆಯಲ್ಲಿ ಓಡಾಡುವವರ ಎದುರು ಹೇಳಬೇಡಿ 😄

ವಖಾರಿ_ಗುಮಾಸ್ತ · 1:48

ಊಟಕ್ಕೆ ಹೋಗಿದ್ದೆ, ಕ್ಷಮಿಸಿ. ಎಲ್ಲಾ ನೋಡಿದೆ.

ಐಪಿ ಹಾಕಿದರೂ ಅದೇ ಕತೆ. ಐದೂ 192.168.1 ಸಾಲಿನಲ್ಲೇ ಇವೆ. ಎಲ್ಲಾ ಕಡೆ ಪ್ರೈವೇಟ್ ಅಂತಿದೆ. ರೂಟರ್ ಆಫ್ ಆನ್ ಮಾಡಿದ್ದೇನೆ, ಚಿಟ್ಟೆಯವರೇ. ಅದನ್ನು ಮಾಡದೆ ಇಲ್ಲಿಗೆ ಬರುತ್ತೇನಾ. ಪಿನ್ ವಿಷಯ ಮಾತ್ರ ಸರಿಯಾಗಿ ಅರ್ಥ ಆಗಲಿಲ್ಲ. ದೊಡ್ಡದಕ್ಕೆ ನಾವು ಬೆಳಿಗ್ಗೆ ಪಿನ್ ಹಾಕಿಯೇ ಒಳಗೆ ಹೋಗುವುದು.

ತಂತಿ_ಎಳೆಯುವವ · 2:15

ಹಾಗಾದರೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗುತ್ತದೆ.

ಪಿನ್ ಅನ್ನುವುದು ಆ ಒಂದು ಯಂತ್ರದ ಎದುರು ಕೂತವನಿಗೆ ಮಾತ್ರ. ನೆಟ್‌ವರ್ಕಿನಲ್ಲಿ ಇನ್ನೊಂದು ಕಂಪ್ಯೂಟರಿನಿಂದ ಬರುವವನಿಗೆ ಅದು ನಡೆಯುವುದಿಲ್ಲ, ನಿಜವಾದ ಪಾಸ್‌ವರ್ಡೇ ಬೇಕು. ದೊಡ್ಡದರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇದ್ದು, ಮೊದಲಿನಿಂದಲೂ ಪಿನ್ ಹಾಕಿಯೇ ಒಳಗೆ ಹೋಗಿದ್ದರೆ, ಕೆಲವು ಸಲ ಆ ಅಕೌಂಟಿನ ಪಾಸ್‌ವರ್ಡ್ ಏನು ಅಂತ ಆ ಕಂಪ್ಯೂಟರಿಗೇ ಗೊತ್ತಿರುವುದಿಲ್ಲ. ಆಗ ನೀವು ಸರಿಯಾದದ್ದನ್ನು ಕೊಟ್ಟರೂ ತಪ್ಪು ಅನ್ನುತ್ತದೆ. ಪಾಸ್‌ವರ್ಡೇ ಇಲ್ಲದ ಲೋಕಲ್ ಅಕೌಂಟ್ ಆದರೂ ಕಷ್ಟ. ಖಾಲಿ ಪಾಸ್‌ವರ್ಡಿನವರನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ.

ಅದಕ್ಕೆ ಸುಲಭದ ದಾರಿ: ದೊಡ್ಡದರಲ್ಲಿ ಫೋಲ್ಡರಿಗೋಸ್ಕರ ಅಂತಲೇ ಒಂದು ಲೋಕಲ್ ಅಕೌಂಟ್ ಮಾಡಿ. ಹೆಸರು ‘ವಖಾರಿ’ ಅಂತಿಡಿ, ಒಂದು ಗಟ್ಟಿ ಪಾಸ್‌ವರ್ಡ್ ಕೊಡಿ. ಪರ್ಮಿಶನ್ ಎರಡು ಕಡೆ ಕೊಡಬೇಕು, ಇಲ್ಲೇ ಎಲ್ಲರೂ ಎಡವುವುದು. ಶೇರಿಂಗ್ ಅನ್ನುವ ಟ್ಯಾಬಿನಲ್ಲಿ ಒಂದು, ಸೆಕ್ಯುರಿಟಿ ಅನ್ನುವ ಟ್ಯಾಬಿನಲ್ಲಿ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುವುದು. ಹೊರಗಿನ ಗೇಟ್ ತೆಗೆದಿಟ್ಟು ಒಳಗಿನ ಬಾಗಿಲಿಗೆ ಬೀಗ ಹಾಕಿದ ಹಾಗೆ.

ಆಮೇಲೆ ಕೌಂಟರಿನ ಎರಡರಲ್ಲೂ ಕ್ರೆಡೆನ್ಶಿಯಲ್ ಮ್ಯಾನೇಜರಿಗೆ ಹೋಗಿ ದೊಡ್ಡದರ ಹೆಸರಿನಲ್ಲಿ, ಐಪಿಯ ಹೆಸರಿನಲ್ಲಿ ಉಳಿದಿರುವ ಹಳೇ ಪಾಸ್‌ವರ್ಡ್ ಎಲ್ಲಾ ತೆಗೆಯಿರಿ. ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್ ಯೂಸ್, ಸ್ಟಾರ್, ಸ್ಲ್ಯಾಶ್ ಡಿಲೀಟ್ ಹೊಡೆಯಿರಿ. ಒಂದೇ ಕಂಪ್ಯೂಟರಿಗೆ ಎರಡು ಬೇರೆ ಹೆಸರಿನಲ್ಲಿ ಒಟ್ಟಿಗೆ ಹೋಗಲು ವಿಂಡೋಸ್ ಬಿಡುವುದಿಲ್ಲ, 1219 ಅಂತ ತಕರಾರು ತೆಗೆಯುತ್ತದೆ. ಯೂಸರ್‌ನೇಮ್ ಕೊಡುವಾಗ ಮೊದಲು ದೊಡ್ಡದರ ಹೆಸರು, ಬ್ಯಾಕ್‌ಸ್ಲ್ಯಾಶ್, ಆಮೇಲೆ ವಖಾರಿ.

ಕಾಳಿ_ದಂಡೆ · 2:40

ಇದೇ ಮಾತಿನ ಜೊತೆ ನನ್ನದೂ ಒಂದು ಕೇಳಿಬಿಡುತ್ತೇನೆ. ನನ್ನ ರೂಟರಿನ ಹಿಂದೆ ಯುಎಸ್‌ಬಿ ಹಾರ್ಡ್ ಡಿಸ್ಕ್ ಸಿಕ್ಕಿಸಿಟ್ಟಿದ್ದೆ. ಪಾಸ್‌ವರ್ಡ್ ಏನೂ ಇಲ್ಲದೆ ಎಲ್ಲರೂ ನೋಡುತ್ತಿದ್ದರು. ವಿಂಡೋಸ್ 11ರ 24ಎಚ್2 ಅನ್ನುವ ಆವೃತ್ತಿ ಬಂದ ಮೇಲೆ ಆಫೀಸಿನ ಕಂಪ್ಯೂಟರಿಗೆ ಬರುವುದೇ ಇಲ್ಲ. ಮನೆಯವಳ ಲ್ಯಾಪ್‌ಟಾಪಿಗೆ ಬರುತ್ತದೆ, ಅದೂ 24ಎಚ್2ವೇ! ಅವಳು ನನ್ನನ್ನು ನೋಡಿ ನಗುತ್ತಾಳೆ.

ಘಟ್ಟದ_ಮೇಲಿನವ · 3:02

ಕಾಳಿಯವರೇ, ಆಫೀಸಿನದ್ದು ಪ್ರೊ, ಮನೆಯವರದ್ದು ಹೋಮ್ ಇರಬೇಕು, ನೋಡಿ. 24ಎಚ್2ರಲ್ಲಿ ಪ್ರೊ ಎಡಿಷನ್ನಿಗೆ ಗೆಸ್ಟ್ ಆಗಿ, ಅಂದರೆ ಪಾಸ್‌ವರ್ಡ್ ಇಲ್ಲದೆ, ಶೇರ್ ನೋಡುವುದನ್ನು ನಿಲ್ಲಿಸಿದ್ದಾರೆ. ಜೊತೆಗೆ ಪ್ರತಿ ಮಾತಿಗೂ ಸಹಿ ಬೇಕು ಅಂತಾರೆ, ಎಸ್‌ಎಂಬಿ ಸೈನಿಂಗ್ ಅಂತ. ಗೆಸ್ಟಿಗೆ ಪಾಸ್‌ವರ್ಡೇ ಇಲ್ಲ, ಸಹಿ ಎಲ್ಲಿಂದ ಹಾಕುತ್ತಾನೆ? ಹೋಮಿಗೆ ಈ ಎರಡೂ ಕಡ್ಡಾಯ ಮಾಡಿಲ್ಲ. ರೂಟರಿನ ಸೆಟ್ಟಿಂಗಿನಲ್ಲಿ ಡಿಸ್ಕಿಗೆ ಯೂಸರ್‌ನೇಮ್, ಪಾಸ್‌ವರ್ಡ್ ಇಡಲು ಬಂದರೆ ಇಡಿ. ಹಳೇ ರೂಟರ್ ಆಗಿದ್ದು ಎಸ್‌ಎಂಬಿ 1 ಮಾತ್ರ ಬರುವುದಾದರೆ ಡಿಸ್ಕ್ ತೆಗೆದು ಯಾವುದಾದರೂ ಕಂಪ್ಯೂಟರಿಗೆ ಸಿಕ್ಕಿಸಿ ಶೇರ್ ಮಾಡಿ.

ಕಾಳಿ_ದಂಡೆ · 3:09

ಹೌದು, ಅವಳದ್ದು ಹೋಮ್. ಈ ವಿಷಯ ಅವಳಿಗೆ ಹೇಳುವುದಿಲ್ಲ.

ಚಿಟ್ಟೆ_ಬೆಟ್ಟೆ · 3:15

ಗುಮಾಸ್ತರೇ, ಹೇಗೂ ವಖಾರಿಯಲ್ಲಿದ್ದೀರಿ, ರಾಶಿ ಅಡಿಕೆಯ ರೇಟು ಏರುತ್ತದಾ ಇಳಿಯುತ್ತದಾ? ನಮ್ಮದು ಇನ್ನೂ ಮನೆಯಲ್ಲೇ ಇದೆ.

ವಖಾರಿ_ಗುಮಾಸ್ತ · 5:30

ರೇಟು ಗೊತ್ತಿದ್ದರೆ ನಾನು ಗುಮಾಸ್ತನಾಗಿ ಯಾಕಿರುತ್ತಿದ್ದೆ ಚಿಟ್ಟೆಯವರೇ.

ತಂತಿಯವರು ಹೇಳಿದ್ದನ್ನೆಲ್ಲಾ ಮಾಡಿದೆ. ‘ವಖಾರಿ’ ಅಕೌಂಟ್, ಎರಡೂ ಕಡೆ ಪರ್ಮಿಶನ್, ಹಳೇ ಪಾಸ್‌ವರ್ಡ್ ತೆಗೆದದ್ದು, ನೆಟ್ ಯೂಸ್, ಎಲ್ಲಾ. ಲ್ಯಾಪ್‌ಟಾಪಿನಲ್ಲಿ ‘ವಖಾರಿ’ ಹಾಕಿದರೆ ಸಲೀಸಾಗಿ ತೆಗೆಯಿತು. ಹಳೇ 10ರಲ್ಲೂ. ಕೌಂಟರಿನ ಎರಡಕ್ಕೂ ಅದೇ ಹಳೇ ಹಾಡು.

ಇನ್ನೊಂದು ವಿಚಿತ್ರ ಕಂಡಿತು. ಸುಮ್ನೆ ಪರೀಕ್ಷೆಗೆ ಅಂತ ಕೌಂಟರ್ ಒಂದರಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ ಕೌಂಟರ್ ಎರಡರಿಂದ ತೆಗೆದು ನೋಡಿದೆ. ಆಗಲಿಲ್ಲ. ದೊಡ್ಡದರಿಂದಲೂ ಆಗಲಿಲ್ಲ. ಲ್ಯಾಪ್‌ಟಾಪಿನಿಂದ ಆಯಿತು! ಅಂದರೆ ಈ ಮೂರು ಒಂದಕ್ಕೊಂದು ಮಾತು ಬಿಟ್ಟಿವೆ, ಬೇರೆಯವರ ಜೊತೆ ಚೆನ್ನಾಗಿವೆ. ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ.

ಘಟ್ಟದ_ಮೇಲಿನವ · 5:41

ನಿಲ್ಲಿ ನಿಲ್ಲಿ. ಮೂರನ್ನೂ ಒಟ್ಟಿಗೆ ಅಸೆಂಬಲ್ ಮಾಡಿಸಿದ್ದು ಅಂದಿರಲ್ಲ? ವಿಂಡೋಸ್ ಹಾಕಿಕೊಟ್ಟಿದ್ದೂ ಅದೇ ಅಂಗಡಿಯವರಾ? ಮೂರಕ್ಕೂ ಒಂದೊಂದಾಗಿ ಹಾಕಿದರೋ, ಒಂದಕ್ಕೆ ಹಾಕಿ ಉಳಿದೆರಡಕ್ಕೆ ಡಿಸ್ಕ್ ಕಾಪಿ ಹೊಡೆದರೋ?

ವಖಾರಿ_ಗುಮಾಸ್ತ · 5:50

ಅದು ನನಗೇನು ಗೊತ್ತು. ಬೆಳಿಗ್ಗೆ ಕೊಟ್ಟೆ, ಸಂಜೆ ಮೂರೂ ತಯಾರು ಅಂದರು. ಮೂರರಲ್ಲೂ ಡೆಸ್ಕ್‌ಟಾಪಿನಲ್ಲಿ ಅದೇ ಗಣಪತಿ ಫೋಟೋ, ಅದೇ ಜಾಗದಲ್ಲಿ ಅದೇ ಐಕಾನ್ ಇತ್ತು.

ಘಟ್ಟದ_ಮೇಲಿನವ · 6:20

ಗಣಪತಿಯೇ ಸಾಕ್ಷಿ ಹೇಳಿದ ಹಾಗಾಯಿತು. ಕ್ಲೋನ್ ಮಾಡಿದ್ದಾರೆ.

ಪ್ರತಿ ವಿಂಡೋಸ್ ಇನ್‌ಸ್ಟಾಲಿಗೂ ಎಸ್‌ಐಡಿ ಅಂತ ಒಂದು ಗುರುತಿನ ಸಂಖ್ಯೆ ಹುಟ್ಟುತ್ತದೆ. ಡಿಸ್ಕನ್ನು ಹಾಗೇ ಕಾಪಿ ಹೊಡೆದರೆ ಆ ಸಂಖ್ಯೆಯೂ ಕಾಪಿ. ಸಿಸ್‌ಪ್ರೆಪ್ ಅಂತ ಮೈಕ್ರೋಸಾಫ್ಟಿನದ್ದೇ ಒಂದು ಸಾಧನ ಇದೆ. ಕಾಪಿ ಮಾಡುವ ಮೊದಲು ಅದನ್ನು ಓಡಿಸಿದರೆ ಪ್ರತಿ ಕಾಪಿಗೂ ಹೊಸ ಸಂಖ್ಯೆ ಬರುತ್ತದೆ. ಅವಸರದಲ್ಲಿ ಅದನ್ನು ಬಿಡುತ್ತಾರೆ. ಇಷ್ಟು ವರ್ಷ ನಡೆಯಿತು. 2025ರ ಆಗಸ್ಟ್ 29ರ ಅಪ್‌ಡೇಟ್, ಆಮೇಲೆ ಸೆಪ್ಟೆಂಬರಿನ ಕೆಬಿ5065426, ಇವುಗಳಿಂದ ವಿಂಡೋಸ್ 11 24ಎಚ್2 ಮತ್ತು 25ಎಚ್2 ಇದನ್ನು ತಪಾಸಣೆ ಮಾಡುತ್ತವೆ. ಒಂದೇ ಎಸ್‌ಐಡಿ ಇರುವ ಎರಡು ಯಂತ್ರ ಪರಸ್ಪರ ಲಾಗಿನ್ ಮಾಡಲು ಹೋದರೆ ತಡೆಯುತ್ತವೆ. ಹೊರಗೆ ಕಾಣುವ ಲಕ್ಷಣ ನೀವು ಹೇಳಿದ್ದೇ. ಸರಿಯಾದ ಪಾಸ್‌ವರ್ಡಿಗೂ ತಪ್ಪು ಅನ್ನುವುದು, ಮತ್ತೆ ಮತ್ತೆ ಕೇಳುವುದು.

ಖಾತ್ರಿ ಮಾಡಿಕೊಳ್ಳಲು ಮೂರರಲ್ಲೂ ಕಮಾಂಡ್ ಪ್ರಾಂಪ್ಟಿನಲ್ಲಿ ‘ಹೂ ಆಮ್ ಐ’ ಅಂತ ಬಿಡದೆ ಒಂದೇ ಪದವಾಗಿ ಹೊಡೆದು, ಜಾಗ ಬಿಟ್ಟು ಸ್ಲ್ಯಾಶ್ ಯೂಸರ್ ಹೊಡೆಯಿರಿ (ಇಂಗ್ಲಿಷಿನಲ್ಲಿ ಹೊಡೆಯಿರಿ ಮತ್ತೆ). ಎಸ್-1-5-21 ಅಂತ ಶುರುವಾಗುವ ಉದ್ದದ ಸಂಖ್ಯೆ ಬರುತ್ತದೆ. ಕೊನೆಯ ಗೆರೆಯ ನಂತರದ 1001, 1002 ಇವನ್ನು ಬಿಡಿ, ಅದು ಯೂಸರಿನದ್ದು. ಅದಕ್ಕಿಂತ ಮೊದಲಿನ ಭಾಗ ಮೂರರಲ್ಲೂ ಒಂದೇ ಇದ್ದರೆ ರೋಗ ಸಿಕ್ಕಿತು. ದೊಡ್ಡದರಲ್ಲಿ ಇವೆಂಟ್ ವ್ಯೂವರ್ ತೆಗೆದು ಸಿಸ್ಟಮ್ ಲಾಗಿನಲ್ಲಿ 6167 ನಂಬರಿನ ದಾಖಲೆ ಇದೆಯಾ ಅದನ್ನೂ ನೋಡಿ, ಈ ತಡೆಯ ಗುರುತು ಅದು.

ಟಿಪ್ಪಣಿಗಾರ · 6:55

ಇದನ್ನು ಒಪ್ಪುವುದಿಲ್ಲ. ಎಸ್‌ಐಡಿ ಒಂದೇ ಇದ್ದರೆ ತೊಂದರೆ ಅನ್ನುವುದು ಹಳೇ ಕಟ್ಟುಕತೆ. ಮೈಕ್ರೋಸಾಫ್ಟಿನ ಮಾರ್ಕ್ ರುಸಿನೋವಿಚ್ 2009ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ನ್ಯೂಎಸ್‌ಐಡಿ ಅಂತ ಎಸ್‌ಐಡಿ ಬದಲಾಯಿಸಲು ಅವರೇ ಮಾಡಿದ್ದ ಸಾಧನವನ್ನು, ಇದರಿಂದ ಉಪಯೋಗವಿಲ್ಲ ಅಂತ ಅವರೇ ಹಿಂದಕ್ಕೆ ತೆಗೆದುಕೊಂಡರು. ಸುಮ್ನೆ ಗುಮಾಸ್ತರನ್ನು ಹೆದರಿಸಿ ಮೂರು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಡಿ.

ಘಟ್ಟದ_ಮೇಲಿನವ · 7:10

ನಾನೂ ಆ ಲೇಖನ ಓದಿಕೊಂಡೇ ಬೆಳೆದವನು. ಆಗ ಅದು ನಿಜವಾಗಿತ್ತು. ಆದರೆ ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇತ್ತು: ಕ್ಲೋನ್ ಮಾಡುವುದಿದ್ದರೆ ಸಿಸ್‌ಪ್ರೆಪ್ ಓಡಿಸಿಯೇ ಮಾಡಿ ಅನ್ನುವುದು ಮೈಕ್ರೋಸಾಫ್ಟಿನ ನಿಯಮ, ಅದು ಬದಲಾಗಿಲ್ಲ ಅಂತ. ಜನ ಮೊದಲರ್ಧ ಓದಿ ಎದ್ದು ಹೋದರು. 2009ರಲ್ಲಿ ತಪಾಸಣೆ ಇರಲಿಲ್ಲ, 2025ರಲ್ಲಿ ಬಂತು. ಗೇಟಿನಲ್ಲಿ ಹೊಸ ಕಾವಲುಗಾರ ಕೂತಿದ್ದಾನೆ. ಹಳೇ ಕಾವಲುಗಾರ ಬಿಡುತ್ತಿದ್ದ ಅಂದರೆ ಇವನು ಕೇಳುತ್ತಾನಾ?

ಟಿಪ್ಪಣಿಗಾರ · 7:18

6167 ಇದ್ದರೆ ಒಪ್ಪುತ್ತೇನೆ. ಇಲ್ಲದಿದ್ದರೆ ಇಲ್ಲ.

ಸಂಜೆ_ಮಳೆ · 7:25

ಇಬ್ಬರೂ ಒಂದು ಲೋಟ ಕಷಾಯ ಕುಡಿಯಿರಿ. ಇಲ್ಲಿ ಕರೆಂಟ್ ಹೋಯಿತು, ಬಂದ ಮೇಲೆ ನೋಡುತ್ತೇನೆ.

ವಖಾರಿ_ಗುಮಾಸ್ತ · ಮಂಗಳವಾರ, ಬೆಳಿಗ್ಗೆ 9:35

ಮೂರರ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದು ಒಂದರ ಕೆಳಗೆ ಒಂದು ಇಟ್ಟು ನೋಡಿದೆ. ಒಂದಂಕಿಯೂ ಆಚೀಚೆ ಇಲ್ಲ. ಲ್ಯಾಪ್‌ಟಾಪಿನದ್ದು, ಹಳೇ 10ರದ್ದು ಪೂರ್ತಿ ಬೇರೆ.

ದೊಡ್ಡದರಲ್ಲಿ 6167 ಹೋದ ಬುಧವಾರದಿಂದ ಸಾಲಾಗಿ ಇದೆ. ಮೆಷಿನ್ ಐಡಿ ಸ್ವಲ್ಪ ಹೊಂದುತ್ತಿಲ್ಲ, ಟಿಕೆಟ್ಟನ್ನು ಯಾರೋ ತಿದ್ದಿರಬೇಕು ಅಥವಾ ಅದು ಬೇರೆ ಬೂಟ್ ಸೆಷನ್ನಿನದ್ದು ಅನ್ನುವ ಅರ್ಥದ ಇಂಗ್ಲಿಷ್ ಇದೆ. ಮಳೆಗಾಲದಲ್ಲಿ ಕರೆಂಟ್ ನಂಬಿಕೆಯಿಲ್ಲ ಅಂತ ಅಪ್‌ಡೇಟನ್ನು ಮುಂದೆ ಹಾಕುತ್ತಾ ಬಂದಿದ್ದೆ. ಅದು ಮಂಗಳವಾರ ರಾತ್ರಿ ತಾನಾಗಿಯೇ ಹಾಕಿಕೊಂಡಿದೆ. ಬುಧವಾರದಿಂದ ಇದು ಶುರು.

ಟಿಪ್ಪಣಿಗಾರ · 9:50

ಸರಿ, ಸೋತೆ. ನಾನೂ ಕಲಿತೆ.

ಹಳೇ_ಎಕ್ಸ್‌ಪಿ · 9:58

ಅಪ್‌ಡೇಟ್ ತೆಗೆದುಹಾಕಿ. ಮುಂದೆ ಬರದ ಹಾಗೆ ನಿಲ್ಲಿಸಿ. ಐದು ನಿಮಿಷದ ಕೆಲಸ. ಇದಕ್ಕೆ ಒಂದೂವರೆ ದಿನ ಚರ್ಚೆ.

ತಂತಿ_ಎಳೆಯುವವ · 10:06

ತೆಗೆದರೆ ಫೋಲ್ಡರ್ ಬರಬಹುದು, ಸುಳ್ಳಲ್ಲ. 20ರ ತನಕ ದಾಟಲು ಬೇರೆ ದಾರಿಯೇ ಇಲ್ಲದಿದ್ದರೆ ಮಾಡಿ ಅಂದೇನು. ಆದರೆ ಮುಂದಿನ ತಿಂಗಳ ಅಪ್‌ಡೇಟಿನಲ್ಲೂ ಇದೇ ತಪಾಸಣೆ ಇರುತ್ತದೆ. ಬ್ಯಾಂಕು, ಜಿಎಸ್‌ಟಿ ನೋಡುವ ಕಂಪ್ಯೂಟರಿಗೆ ಎಷ್ಟು ತಿಂಗಳು ಸೆಕ್ಯುರಿಟಿ ಅಪ್‌ಡೇಟ್ ಇಲ್ಲದೆ ಇರುತ್ತೀರಿ? ಅಂದ ಹಾಗೆ ಗುಮಾಸ್ತರೇ, ನಿಮ್ಮ ಆ ವಿಂಡೋಸ್ 10ಕ್ಕೂ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದೂ ಲೆಕ್ಕದಲ್ಲಿರಲಿ.

ವಖಾರಿ_ಗುಮಾಸ್ತ · 10:15

ಹಾಗಾದರೆ ಮೂರನ್ನೂ ಫಾರ್ಮ್ಯಾಟ್ ಮಾಡಬೇಕಾ? ಟ್ಯಾಲಿ, ಡಿಜಿಟಲ್ ಸಹಿಯ (ಡಿಎಸ್‌ಸಿ) ಟೋಕನ್ನಿನ ಡ್ರೈವರ್, ನುಡಿ, ಪ್ರಿಂಟರ್... ಯಜಮಾನರಿಗೆ ಹೇಗೆ ಹೇಳಲಿ. ಎಸ್‌ಐಡಿ ಬದಲಾಯಿಸುವ ಸಾಫ್ಟ್‌ವೇರ್ ಸಿಗುತ್ತದಂತೆ ಅಲ್ವಾ?

ಘಟ್ಟದ_ಮೇಲಿನವ · 10:40

ಮೂರಲ್ಲ, ಎರಡು. ಮೂರು ಒಂದೇ ಥರ ಇವೆ ಅಂದರೆ ಒಂದನ್ನು ಹಾಗೇ ಬಿಟ್ಟು ಎರಡನ್ನು ಬದಲಾಯಿಸಿದರೆ ಮೂರೂ ಬೇರೆ ಬೇರೆ ಆಯಿತಲ್ಲ. ದೊಡ್ಡದನ್ನು ಮುಟ್ಟಲೇಬೇಡಿ. ಡೇಟಾ ಅಲ್ಲಿದೆ. ಟ್ಯಾಲಿ ಗೋಲ್ಡ್ ಲೈಸೆನ್ಸ್ ಕೂಡ ದೊಡ್ಡದರಲ್ಲೇ ಆಕ್ಟಿವೇಟ್ ಆಗಿರಬೇಕು, ಕೌಂಟರಿನವು ಅಲ್ಲಿಂದ ತೆಗೆದುಕೊಳ್ಳುತ್ತವೆ. ಹೌದೋ ಅಲ್ಲವೋ ನೋಡಿಕೊಳ್ಳಿ. ಒಂದು ವೇಳೆ ಲೈಸೆನ್ಸ್ ಕೌಂಟರಿನ ಯಾವುದಾದರೂ ಒಂದರಲ್ಲಿದ್ದರೆ ಫಾರ್ಮ್ಯಾಟಿಗೆ ಮೊದಲು ಸರೆಂಡರ್ ಮಾಡಿ. ಮರೆತರೆ ಆಮೇಲೆ ಫೋನ್ ಹಿಡಿದು ಕೂರಬೇಕು.

ಎಸ್‌ಐಡಿ ಬದಲಾಯಿಸುವ ಹೊರಗಿನ ಸಾಫ್ಟ್‌ವೇರ್ ಇವೆ. ಮೈಕ್ರೋಸಾಫ್ಟ್ ಅವನ್ನು ಒಪ್ಪುವುದಿಲ್ಲ, ಕೆಟ್ಟರೆ ಕೇಳುವವರಿಲ್ಲ. ಕೆಲಸ ಮಾಡುತ್ತಿರುವ ಕಂಪ್ಯೂಟರಿನ ಮೇಲೆ ಈಗ ಸಿಸ್‌ಪ್ರೆಪ್ ಓಡಿಸುವುದೂ ತಲೆನೋವು, ಅರ್ಧಕ್ಕೆ ನಿಂತರೆ ಎರಡೂ ಇಲ್ಲ. ಕೌಂಟರಿನ ಎರಡರಲ್ಲಿ ಡೇಟಾ ಏನೂ ಇಲ್ಲ ಅಂದಮೇಲೆ ಹೊಸದಾಗಿ ವಿಂಡೋಸ್ ಹಾಕುವುದೇ ಒಳ್ಳೆಯದು. ಅಸಲಿ ವಿಂಡೋಸ್ ಆಗಿದ್ದು ಲೈಸೆನ್ಸ್ ಆ ಮದರ್‌ಬೋರ್ಡಿಗೆ ಅಂಟಿಕೊಂಡಿದ್ದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ. ಅಲ್ಲದಿದ್ದರೆ... ಅದು ಅಂಗಡಿಯವರನ್ನು ಕೇಳಬೇಕಾದ ಇನ್ನೊಂದು ಪ್ರಶ್ನೆ.

ಅಂಗಡಿ_ಕಟ್ಟೆ · 11:20

ಎರಡು ದಿನದಿಂದ ಓದುತ್ತಿದ್ದೇನೆ. ನಾನೂ ಅಸೆಂಬಲ್ ಮಾಡುವವನೇ (ಇವರ ಮೂರು ನಾನು ಮಾಡಿದ್ದಲ್ಲ). ನಮ್ಮ ಕಡೆಯಿಂದ ಒಂದು ಮಾತು. ಗಿರಾಕಿ ಬೆಳಿಗ್ಗೆ ಬಂದು ಸಂಜೆಗೆ ಕೊಡಿ ಅನ್ನುತ್ತಾನೆ. ಇನ್‌ಸ್ಟಾಲಿಗೆ ದುಡ್ಡು ಬೇರೆ ಅಂದರೆ ಪಕ್ಕದ ಅಂಗಡಿಯಲ್ಲಿ ಫ್ರೀ ಅನ್ನುತ್ತಾನೆ. ಒಂದು ಮಾಡಿ ಕಾಪಿ ಹೊಡೆಯುವುದು ಈ ಧಂದೆಯಲ್ಲಿ ಎಲ್ಲರೂ ಮಾಡಿದ್ದಾರೆ, ನಾನೂ ಮಾಡಿದ್ದೇನೆ. ಸಿಸ್‌ಪ್ರೆಪ್ ಅನ್ನುವ ಶಬ್ದ ನಾನು ಕೇಳಿದ್ದೇ ಹೋದ ತಿಂಗಳು, ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ಇದೇ ತೊಂದರೆ ಬಂದಾಗ. ನಾಲ್ಕು ಕಂಪ್ಯೂಟರ್, ನನ್ನ ಕೈಯ ಕೆಲಸವೇ. ಒಂದು ಭಾನುವಾರ ಪೂರ್ತಿ ಕೂತು ಮೂರಕ್ಕೆ ಹೊಸದಾಗಿ ಹಾಕಿದೆ, ದುಡ್ಡು ಕೇಳಲಿಲ್ಲ. ಈಗ ಹಳೇ ಬಿಲ್ ಪುಸ್ತಕ ತೆಗೆದು ಇನ್ನೂ ಯಾರ್ಯಾರ ಫೋನ್ ಬರಬಹುದು ಅಂತ ಗುರುತು ಹಾಕಿಟ್ಟಿದ್ದೇನೆ. ಗುಮಾಸ್ತರೇ, ಅಂಗಡಿಯವರಿಗೆ ಫೋನ್ ಮಾಡಿ. ಜಗಳ ಮಾಡಬೇಡಿ, ‘6167’ ಅಂತ ಮಾತ್ರ ಹೇಳಿ. ಗೊತ್ತಿದ್ದರೆ ಬರುತ್ತಾರೆ.

ತಂತಿ_ಎಳೆಯುವವ · 11:34

ಇಷ್ಟು ನೇರವಾಗಿ ಒಪ್ಪಿಕೊಂಡವರನ್ನು ನಾನು ಈ ಧಂದೆಯಲ್ಲಿ ನೋಡಿಯೇ ಇರಲಿಲ್ಲ. ನಿಮ್ಮ ಅಂಗಡಿ ಎಲ್ಲಿ ಅಂತ ಕೇಳುವುದಿಲ್ಲ, ಆದರೆ ನನ್ನ ಮುಂದಿನ ಕಂಪ್ಯೂಟರ್ ಅಲ್ಲೇ.

ದೇವಿಮನೆ_ತಿರುವು · 11:40

ಹೊಸದಾಗಿ ಹಾಕುವಾಗ ಒಂದು ಕೆಲಸ ಜೊತೆಗೇ ಮಾಡಿಕೊಳ್ಳಿ. ರೂಟರಿನಲ್ಲಿ ದೊಡ್ಡದಕ್ಕೆ ಒಂದೇ ಐಪಿ ಕಾಯಂ ಮಾಡಿಡಿ, ರಿಸರ್ವೇಶನ್ ಅಂತ ಇರುತ್ತದೆ. ಇಲ್ಲದಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಯಾರಿಗೆ ಯಾವ ನಂಬರ್ ಅಂತ ಹೇಳಲಾಗದು. ಮತ್ತೆ, ಟ್ಯಾಲಿ ಡೇಟಾವನ್ನು ವೈಫೈ ಮೇಲೆ ತೆಗೆಯಬೇಡಿ. ನಡುವೆ ಸಿಗ್ನಲ್ ಕಡಿದರೆ ಡೇಟಾ ಕೆಡುತ್ತದೆ. ಯಜಮಾನರ ಲ್ಯಾಪ್‌ಟಾಪಿಗೂ ಒಂದು ತಂತಿ ಎಳೆಯಿರಿ.

ವಖಾರಿ_ಗುಮಾಸ್ತ · 11:52

ಯಜಮಾನರು ಜಗಲಿಯ ಮೇಲೆ ಕೂತು ಕವಳ ಹಾಕುತ್ತಾ ಲ್ಯಾಪ್‌ಟಾಪ್ ನೋಡುವವರು. ತಂತಿ ಜಗಲಿಗೆ ಬರುವುದಿಲ್ಲ.

ಉಪ್ಪುಗಾಳಿ · 12:01

ನನ್ನ ಸಲಹೆ ಯಾರೂ ಕೇಳಲಿಲ್ಲ. ಆದರೂ ಹೇಳುತ್ತೇನೆ, ಫಾರ್ಮ್ಯಾಟಿಗೆ ಕೂತಾಗ ಕೇಬಲ್ಲಿನ ತುದಿ ಒಮ್ಮೆ ನೋಡಿಬಿಡಿ.

ವಖಾರಿ_ಗುಮಾಸ್ತ · ಗುರುವಾರ, ಸಂಜೆ 6:45

ಆಯಿತು!

ಅಂಗಡಿಯವರಿಗೆ ಫೋನ್ ಮಾಡಿ 6167 ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಹುಡುಗನನ್ನು ಕಳಿಸುತ್ತೇನೆ’ ಅಂದರು. ನಿನ್ನೆ ಮಧ್ಯಾಹ್ನ ಬಂದ, ಇವತ್ತು ನಾಲ್ಕು ಗಂಟೆಗೆ ಮುಗಿಸಿದ. ವಿಂಡೋಸ್ ತಾನಾಗಿಯೇ ಆಕ್ಟಿವೇಟ್ ಆಯಿತು, ಆ ಒಂದು ಭಯವೂ ಹೋಯಿತು. ಟ್ಯಾಲಿ ಲೈಸೆನ್ಸ್ ದೊಡ್ಡದರಲ್ಲೇ ಇತ್ತು. ಕೌಂಟರಿನ ಎರಡರಲ್ಲೂ ‘ಹೂ ಆಮ್ ಐ’ ಹೊಡೆಸಿ ನಾನೇ ಚೀಟಿ ಹಿಡಿದು ನೋಡಿದೆ. ಮೂರೂ ಬೇರೆ ಬೇರೆ. ‘ವಖಾರಿ’ ಅಂತ ಹಾಕಿ ಪಾಸ್‌ವರ್ಡ್ ಕೊಟ್ಟೆ, ‘ಲೆಕ್ಕ’ ಒಂದೇ ಏಟಿಗೆ ತೆಗೆಯಿತು. 3ಬಿಗೆ ಇನ್ನೂ ಮೂರು ದಿನ ಇದೆ. ದೊಡ್ಡದಕ್ಕೆ ಐಪಿ ಕಾಯಂ ಮಾಡಿಸಿದ್ದೇನೆ.

ಉಪ್ಪುಗಾಳಿಯವರೇ, ಕೇಬಲ್ಲಿನ ತುದಿ ನೋಡಿದೆವು. ಕೌಂಟರ್ ಎರಡರದ್ದು ಇಲಿ ಕಡಿದು ಕೆಲವೇ ಎಳೆಯ ಮೇಲೆ ನೇತಾಡುತ್ತಿತ್ತು. ಅದನ್ನೂ ಬದಲಾಯಿಸಿದೆವು.

ಈಗ ಉಳಿದಿರುವುದು ಒಂದೇ. ಕೌಂಟರ್ ಒಂದರಲ್ಲಿ ನುಡಿಯಲ್ಲಿ ಟೈಪ್ ಮಾಡಿದ ಹಳೇ ಪತ್ರಗಳು ಚೌಕ ಚೌಕವಾಗಿ ಕಾಣುತ್ತಿವೆ.

ಉಪ್ಪುಗಾಳಿ · 6:52

ನೋಡಿ! ನಾನು ಹೇಳಲಿಲ್ಲವಾ!

ಘಟ್ಟದ_ಮೇಲಿನವ · 6:58

ನುಡಿಯ ಫಾಂಟ್ ಹಾಕಿಲ್ಲ ಅಷ್ಟೇ. ಇನ್‌ಸ್ಟಾಲ್ ಮಾಡಿ, ವರ್ಡ್ ಮುಚ್ಚಿ ಮತ್ತೆ ತೆಗೆಯಿರಿ. ಸರಿಯಾಗದಿದ್ದರೆ ಬೇರೆ ಚರ್ಚೆ ಶುರು ಮಾಡಿ, ಇದು ಉದ್ದವಾಯಿತು.

ಹಳೇ_ಎಕ್ಸ್‌ಪಿ · 7:20

ಒಂದು ಸಣ್ಣ ವಿಷಯ. ಸುಮ್ನೆ ಕುತೂಹಲಕ್ಕೆ ನಮ್ಮ ಆಫೀಸಿನ ಆರು ಕಂಪ್ಯೂಟರಿನಲ್ಲೂ ಆ ‘ಹೂ ಆಮ್ ಐ’ ಹೊಡೆದು ನೋಡಿದೆ. ನಾಲ್ಕರದ್ದು ಒಂದೇ ಬರುತ್ತಿದೆ. ಇನ್ನೂ 23ಎಚ್2ರಲ್ಲೇ ಇವೆ, ಅಪ್‌ಡೇಟ್ ನಿಲ್ಲಿಸಿಟ್ಟಿದ್ದೆ. ಹುಡುಗನ ನಂಬರ್ ಸಿಗಬಹುದಾ ಗುಮಾಸ್ತರೇ? ಮೆಸೇಜಿನಲ್ಲಿ ಕಳಿಸಿದರೆ ಸಾಕು.